ಉಂಗುರದ ಪಕ್ಕದ ಕೊಕ್ಕೆ

ಕಿತ್ತಳೆ ಟಾರ್ಪಾಲಿನ ಕೆಳಗೆ ಯಾವ ಬಣ್ಣವನ್ನೂ ನಂಬಬಾರದು, ಇಲ್ಲಿ ಕಪ್ಪು ಕಂದಾಗುತ್ತದೆ, ಕಂದು ಕೆಂಪಾಗುತ್ತದೆ, ಹಳೆ ಪೆನ್ನು ಮಾರುವ ಗ್ವಾಲ್ಬೆರ್ತೋನ ಬಿಳಿ ಮೀಸೆ ಕೂಡ ತಂಬಾಕಿನ ಹೊಗೆ ಹಿಡಿದಂತೆ ಕಾಣುತ್ತದೆ — ಬೇಕೆಂದೇ ಕಟ್ಟಿದ್ದಾನೆ ಕಳ್ಳ, ಇಡೀ ಬೀದಿಯಲ್ಲಿ ಇನ್ನಾರಿಗೂ ಇಲ್ಲದ ಬಣ್ಣದ ಟಾರ್ಪಾಲು, ಇದರ ಕೆಳಗಿಟ್ಟರೆ ಎಂಥ ಮಾಮೂಲಿ ಕೆಂಗಂದು ಪೆನ್ನನ್ನು ಕಂಡರೂ ಹೊಸಬರು ಪ್ಲಮ್, ಪ್ಲಮ್ ಎಂದು ಬಾಯಿ ಬಿಡುತ್ತಾರೆ, ಜುಲ್ಮಾ ಇರುರೇತಾ ಮಾತ್ರ ಬಿಡುವುದಿಲ್ಲ, ಎಪ್ಪತ್ತು ವರ್ಷದ ಮುದುಕಿಯ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ, ಅವಳ ಪರ್ಸಿನಲ್ಲಿ ಗುಂಡಿಯಿದೆ, ಅಮ್ಮನ ಚಳಿಗಾಲದ ಕೋಟಿನ ಗುಂಡಿ, ನಲವತ್ತು ವರ್ಷದಿಂದ ಅದೇ ಅವಳ ಒರೆಗಲ್ಲು, ಯಾವ ಪೆನ್ನು ಸಿಕ್ಕರೂ ಬಿಸಿಲಿಗೊಯ್ದು ಅದರ ಪಕ್ಕ ಹಿಡಿಯಬೇಕು, ಆಮೇಲೆ ಅಂಗೈಯ ನೆರಳು ಮಾಡಬೇಕು, ನೆರಳಲ್ಲಿ ಕಂದಿಗೆ ತಿರುಗಿದರೆ ಮಾಮೂಲಿ, ನೇರಳೆಗೆ ತಿರುಗಿದರೆ ಪ್ಲಮ್ — ಇವತ್ತು ಗುಂಡಿಯ ಜೊತೆ ಪರ್ಸಿನಲ್ಲಿ ಪೆನ್ನೂ ಇದೆ, ಕರವಸ್ತ್ರದಲ್ಲಿ ಸುತ್ತಿ ತಂದಿದ್ದಾಳೆ, ಹನ್ನೊಂದಕ್ಕೆ ಆ ಹೆಂಗಸು ಬರುತ್ತಾಳೆ, ಈಗ ಹತ್ತೂ ಹತ್ತು, ಇಷ್ಟು ಬೇಗ ಯಾಕೆ ಬಂದೆ, ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವುದು ಇದಕ್ಕೇ ಇರಬೇಕು. ಗ್ವಾಲ್ಬೆರ್ತೋ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಒತ್ತಿಕೊಂಡೇ ಕಷಾಯದ ಸೊಪ್ಪು ತುಂಬಿದ ಸೋರೆಬುರುಡೆಗೆ ನೀರು ಬಗ್ಗಿಸಿ ಕೊಡುತ್ತಾನೆ, ಕುಡಿ ಮಾರಾಯ್ತಿ, ಮುಖ ನೋಡು, ಯಾರದೋ ಸಾಲಕ್ಕೆ ಜಾಮೀನು ನಿಂತವಳ ಹಾಗಿದೀಯ. ಅವಳು ಲೋಹದ ನಳಿಗೆಯಿಂದ ಆ ಸೊಪ್ಪಿನ ಕಹಿಯನ್ನು ಎಳೆದುಕೊಳ್ಳುತ್ತಾಳೆ, ನಾಲಿಗೆ ಸುಡುತ್ತದೆ, ಒಳ್ಳೆಯದೇ ಆಯಿತು.

ಪ್ಲಮ್ ಬಣ್ಣ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಅವಳಿಗೆ ಇವತ್ತಿಗೂ ಹೇಳಲು ಬರುವುದಿಲ್ಲ, ಕಂದೂ ಅಲ್ಲ ಕೆಂಪೂ ಅಲ್ಲ ನೇರಳೆಯೂ ಅಲ್ಲ, ಹಣ್ಣಾದ ಮೇಲೂ ಒಂದು ದಿನ ಮರದಲ್ಲೇ ಮರೆತುಬಿಟ್ಟ ಹಣ್ಣು, ಅಷ್ಟೆ — ಆ ಅಮೆರಿಕದ ಕಂಪನಿ ಒಂದೆರಡು ವರ್ಷ ಮಾತ್ರ ಆ ಬಣ್ಣದ ಪೆನ್ನು ಮಾಡಿ ನಿಲ್ಲಿಸಿಬಿಟ್ಟಿತಂತೆ, ಯಾಕೆ ನಿಲ್ಲಿಸಿತು, ಯಾರಿಗೂ ಹಿಡಿಸಲಿಲ್ಲವೇ, ಬಣ್ಣ ಕಲಸುವವನು ಕೆಲಸ ಬಿಟ್ಟನೇ, ಅದನ್ನು ಯೋಚಿಸುತ್ತಲೇ ಎಷ್ಟೋ ಸಲ ಬಸ್ಸಿನಲ್ಲಿ ಇಳಿಯುವ ಜಾಗ ದಾಟಿಹೋಗಿದ್ದಾಳೆ. ಮೊದಲು ಕಂಡದ್ದು ನೋಟರಿ ಬರ್ಮೂದೆಸ್ ಅವರ ಜೇಬಿನಲ್ಲಿ, ನಗರದ ಹಳೇ ಪೇಟೆಯ ಅವರ ಕಚೇರಿಗೆ ಹತ್ತೊಂಬತ್ತನೆಯ ವಯಸ್ಸಿಗೆ ಗುಮಾಸ್ತೆಯಾಗಿ ಸೇರಿದ ದಿನ, ಅವರು ಬಗ್ಗಿ ಸಹಿ ಹಾಕುವಾಗ ಕಿಟಕಿಯ ಬೆಳಕು ಪೆನ್ನಿನ ಮೇಲೆ ಬಿತ್ತು, ಅವಳಿಗೆ ಕೇಳಿದ ಪ್ರಶ್ನೆ ಮರೆತೇಹೋಯಿತು, ಏನಮ್ಮ, ಕಿವುಡಾ ನಿಂಗೆ, ಎಂದರು, ಇಲ್ಲ ಸರ್, ನಿಮ್ಮ ಪೆನ್ನು ನಮ್ಮಮ್ಮನ ಕೋಟಿನ ಗುಂಡಿ ಥರಾನೇ ಇದೆ ಎಂದಳು ದಡ್ಡಿ, ಅವರು ನಕ್ಕ ನಗು ಕಚೇರಿಗೆಲ್ಲ ಕೇಳಿತು. ಆ ಪೆನ್ನು ಅವರ ಜೊತೆಗೇ ಮಣ್ಣಿಗೆ ಹೋಯಿತು, ಜೇಬಿನಲ್ಲಿಟ್ಟೇ ಹೂಳಿದರು, ಶವಪೆಟ್ಟಿಗೆ ಮುಚ್ಚುವಾಗ ಅವಳು ಅತ್ತದ್ದು ಮನುಷ್ಯನಿಗೋ ಪೆನ್ನಿಗೋ, ದೇವರೇ ಬಲ್ಲ. ಅಲ್ಲಿಂದ ಶುರುವಾದದ್ದು, ಪ್ರತಿ ಭಾನುವಾರ ಈ ತ್ರಿಸ್ತಾನ್ ನಾರ್ವಾಹಾ ಬೀದಿಯ ಸಂತೆ, ಹಕ್ಕಿ ಮಾರುವವರು, ಟೊಮೆಟೊ ರಾಶಿ, ತುಕ್ಕು ಹಿಡಿದ ಬೀಗ, ಒಂಟಿ ಚಮಚ, ಅವುಗಳ ನಡುವೆ ಎಲ್ಲಾದರೂ ಒಂದು ಪೆನ್ನು, ಇಡೀ ಮಾಂತೆವಿದಿಯೋದಲ್ಲಿ ಇರೋದೇ ನಾಲ್ಕು ಪ್ಲಮ್ಮು, ಮೂರು ಈ ಮಾಟಗಾತಿ ಹತ್ರ ಇವೆ ಎಂದು ಗ್ವಾಲ್ಬೆರ್ತೋ ಬಂದವರಿಗೆಲ್ಲ ಹೇಳುತ್ತಾನೆ, ಹೇಳಿ ಹೇಳಿಯೇ ಈಗ ಇದನ್ನು ತಂದಿಟ್ಟದ್ದು, ಅವನ ಬಾಯಿಗೆ ಬೀಗ ಹಾಕಿದ್ದರೆ ಆ ಹೆಂಗಸಿಗೆ ಜುಲ್ಮಾಳ ಹೆಸರೇ ಗೊತ್ತಾಗುತ್ತಿರಲಿಲ್ಲ.

ಮಂಗಳವಾರ ಫೋನು ಬಂತು, ಒಲೆಯ ಮೇಲೆ ಹಾಲಿತ್ತು — ದೋನ್ಯಾ ಜುಲ್ಮಾ ಅಲ್ವಾ, ನನ್ನ ಹೆಸರು ಇರುಪೆ ಮಚಾಡೊ, ಪಾಸೊ ದೆ ಲೋಸ್ ತೋರೋಸ್‌ನಿಂದ ಮಾತಾಡ್ತಿದೀನಿ, ತಪ್ಪು ತಿಳ್ಕೋಬೇಡಿ, ಎಂಬತ್ತೇಳನೇ ಇಸವೀಲಿ ಸಂತೇಲಿ ಒಬ್ಬ ಮುದುಕಿ ಹತ್ರ ಒಂದು ಪೆನ್ನು ತಗೊಂಡ್ರಂತೆ ನೀವು, ಆಕೆ ನಮ್ಮ ಸೋದರತ್ತೆ, ಆ ಪೆನ್ನು ನಮ್ಮಪ್ಪಂದು. ಅಪ್ಪ ರೈಲ್ವೆಯಲ್ಲಿ ತಂತಿ ಗುಮಾಸ್ತನಾಗಿದ್ದನಂತೆ, ಅನ್ಸೆಲ್ಮೋ ತ್ರಿಂದಾದೆ, ಇವಳಿಗೆ ಎರಡು ವರ್ಷವಾದಾಗ ಎದೆಯ ಕಾಯಿಲೆಯಲ್ಲಿ ಸತ್ತ, ಮರುವರ್ಷ ಐವತ್ತೊಂಬತ್ತರ ನೆರೆ ಬಂದು ಮನೆ, ಪೆಟ್ಟಿಗೆ, ಪಟ, ಕಾಗದ ಎಲ್ಲವನ್ನೂ ತೊಳೆದುಕೊಂಡು ಹೋಯಿತು, ಪೆನ್ನು ಮಾತ್ರ ಮಾಂತೆವಿದಿಯೋದ ಅತ್ತೆಯ ಹತ್ತಿರವಿದ್ದದ್ದಕ್ಕೆ ಉಳಿಯಿತು. ಜುಲ್ಮಾಳ ಗುಮಾಸ್ತೆಬುದ್ಧಿ ಸುಮ್ಮನಿರಲಿಲ್ಲ, ಮದುವೆಯ ದಾಖಲೆಯಲ್ಲಿ ಅವರ ಸಹಿ ಇರುತ್ತಲ್ಲ ಎಂದಳು, ಅವ್ರು ಮದ್ವೆ ಆಗ್ಲೇ ಇಲ್ಲ ದೋನ್ಯಾ, ಅಮ್ಮಂಗೆ ಮೊದ್ಲೇ ಬೇರೆ ಮದ್ವೆ ಆಗಿತ್ತು, ನಾನು ಹುಟ್ಟಿದ್ದನ್ನ ಕಚೇರೀಲಿ ಬರೆಸಿದ್ದೂ ತಾತ, ರೈಲ್ವೆಯವ್ರನ್ನ ಕೇಳ್ದೆ, ಹಳೆ ಕಾಗ್ದ ಎಲ್ಲ ಇಲಿ ತಿಂದೋಯ್ತು ಅಂದ್ರು, ಈಗಿರೋದು ಆ ಪೆನ್ನೊಂದೇ, ಅಪ್ಪ ಊರು ಬಿಟ್ಟು ಹೋಗುವಾಗ ಜೊತೇಲಿ ಕೆಲಸ ಮಾಡೋವ್ರು ಕೊಟ್ಟಿದ್ದಂತೆ, ಅಪ್ಪನ ಸಹಿ ಹೆಂಗಿತ್ತೋ ಹಂಗೇ ಕೆತ್ತಿಸಿ. ಪೆನ್ನು ವಾಪಸ್ ಬೇಡ ನಂಗೆ, ಒಂದ್ಸಲ ನೋಡ್ತೀನಿ, ಅಪ್ಪನ ಕೈ ಹೆಂಗೆ ಓಡ್ತಿತ್ತು ಅಂತ, ನಂಗೆ ಐವತ್ಮೂರು ವರ್ಷ ಆಯ್ತು, ಅಪ್ಪ ಬರೆದ ಒಂದಕ್ಷರ ನೋಡಿಲ್ಲ. ಆಗಲೇ ಹೇಳಿಬಿಡಬೇಕಿತ್ತು, ಪೆನ್ನು ಮಾರಿದೆ ಎಂದಾದರೂ ಅನ್ನಬಹುದಿತ್ತು, ಆದರೆ ಬಾಯಿಂದ ಬಂದದ್ದು ಇದೆ ಬನ್ನಿ ಎಂದು, ಯಾಕೆ ಹಾಗೆಂದೆ — ಕುತೂಹಲ, ಇನ್ನೇನು, ಇಪ್ಪತ್ತೆರಡು ವರ್ಷ ತನ್ನ ಡ್ರಾಯರಿನಲ್ಲಿದ್ದ ಪೆನ್ನಿಗೆ ಒಬ್ಬ ಮನುಷ್ಯನಿದ್ದ, ಎದೆಯ ಕಾಯಿಲೆಯ ಮನುಷ್ಯ, ಅವನಿಗೊಬ್ಬ ಮಗಳಿದ್ದಾಳೆ, ಅವಳ ಮುಖ ಹೇಗಿದೆ ನೋಡಬೇಕೆನಿಸಿತು, ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು.

ಆ ಹೆಸರನ್ನು ಅಳಿಸಿದವಳು ಜುಲ್ಮಾ. ಆಗೆಲ್ಲ ಹಾಗೇ ಮಾಡುತ್ತಿದ್ದರು, ಪೆನ್ನು ಕೂಡಿಡುವವರೆಲ್ಲ, ಹೆಸರಿದ್ದರೆ ಎಂಜಲು ಪೆನ್ನು, ಬೇರೆಯವರ ಹಲ್ಲುಜ್ಜುವ ಬ್ರಷ್ಷಿನ ಹಾಗೆ, ಹೆಸರು ತೆಗೆದರೆ ಹೊಚ್ಚ ಹೊಸದು, ಈಗ ಗಾಳಿ ತಿರುಗಿದೆ, ಹೆಸರಿದ್ದರೇ ಗೌರವ ಅನ್ನುತ್ತಾರೆ, ಇವರ ನಾಲಿಗೆಗೆ ಎಲುಬಿದೆಯೇ — ಒಂದು ಭಾನುವಾರ ಮಧ್ಯಾಹ್ನ, ಅಡುಗೆಮನೆಯ ಮೇಜು, ಫ್ಲಾನೆಲ್ ಬಟ್ಟೆ, ಪುದೀನ ವಾಸನೆಯ ಟೂತ್‌ಪೇಸ್ಟು, ಹಳೆ ಇಂಕು ಒಳಗೆ ಒಣಗಿ ಕೊಳವೆ ಬಿಚ್ಚಲು ಬರಲಿಲ್ಲ, ನಡುವಿನ ಚಿನ್ನದ ಉಂಗುರಕ್ಕೆ ಗೀರು ಬೀಳಬಾರದೆಂದು ಅದರ ಸುತ್ತ ಟೇಪು ಅಂಟಿಸಿದಳು, ಉಜ್ಜಿದಳು, ಒರೆಸಿದಳು, ಬಿಸಿಲಿಗೆ ಹಿಡಿದಳು, ಮತ್ತೆ ಉಜ್ಜಿದಳು, ರೇಡಿಯೋದಲ್ಲಿ ಫುಟ್‌ಬಾಲ್ ಕೂಗಾಟ, ಪೆನ್ಯಾರೋಲ್ ಗೋಲು ಹೊಡೆದಾಗ ಪಕ್ಕದ ಮನೆಯವರು ಪಾತ್ರೆ ಬಡಿದರು, ಮೊದಲು ಹೋದದ್ದು ಮಧ್ಯದ ಸಣ್ಣ ಅಕ್ಷರಗಳು, ಆಮೇಲೆ ಒಂದು ದೊಡ್ಡ ಅಕ್ಷರ, ಎ ಇರಬೇಕು, ಕೊನೆಗೆ ಉಳಿದದ್ದು ಟಿ ಇರಬೇಕು, ಅದರ ಅಡ್ಡಗೆರೆ ಬಹಳ ಹೊತ್ತು ಹಟ ಹಿಡಿಯಿತು, ಹೋಗಲ್ವಾ ನೀನು, ಹೋಗಲ್ವಾ ಎಂದು ನಗುತ್ತಲೇ ಉಜ್ಜಿದಳು, ನಗುತ್ತಿದ್ದಳು, ಅದು ಚೆನ್ನಾಗಿ ನೆನಪಿದೆ, ಅಕ್ಷರದ ರೂಪವೊಂದು ನೆನಪಿಲ್ಲ. ಎಲ್ಲ ಮುಗಿದು ಟೇಪು ಕಿತ್ತಾಗ ಹೆಬ್ಬೆರಳಿನ ಉಗುರಿಗೆ ಏನೋ ತಗುಲಿತು, ಉಂಗುರದ ಪಕ್ಕದಲ್ಲೇ, ಸಾಸಿವೆಯಷ್ಟಗಲದ ಒಂದು ಕೊಕ್ಕೆ, ಟೇಪಿನ ಕೆಳಗೆ ಉಳಿದುಕೊಂಡಿದ್ದ ಗೆರೆಯ ತುದಿ, ಥೂ, ಗೀರು ಎಂದುಕೊಂಡಳು, ಮತ್ತೆ ಮತ್ತೆ ನೋಡಿದಳು, ಉಗುರು ಮತ್ತೆ ಮತ್ತೆ ಅಲ್ಲೇ ಸಿಕ್ಕಿಕೊಂಡಿತು. ಮುಂದಿನ ವಾರ ಗ್ವಾಲ್ಬೆರ್ತೋಗೆ ತೋರಿಸಿದಾಗ ಅವನು ಅಂಗೈ ಮೇಲೆ ಉರುಳಿಸಿ ನೋಡಿ, ಉಜ್ಜಿ ಉಜ್ಜಿ ಉಂಗುರದ ಹತ್ರ ಮೆಟ್ಲು ಬಿದ್ದಿದೆ, ಇನ್ನೊಂದ್ಸಲ ಉಜ್ಜಿದ್ರೆ ಪೆನ್ನು ಹೋಗಿ ಸೂಜಿ ಆಗ್ತಿತ್ತು ನೋಡು, ಎಂದ. ಆದರೂ ಬಿಸಿಲಿನಲ್ಲಿ ಗುಂಡಿಯ ಪಕ್ಕ ಹಿಡಿದಾಗ, ಅಬ್ಬಾ, ಆ ಬಣ್ಣ.

ಮೂವತ್ನಾಲ್ಕು ವರ್ಷ ಅವಳ ಕೆಲಸ ಏನಾಗಿತ್ತು, ಊರವರ ಸಹಿ ನೋಡುವುದು, ಇದು ಅವನದೇ ಸಹಿ ಹೌದೆಂದು ನೋಟರಿ ಮುದ್ರೆ ಒತ್ತುವ ಮೊದಲು ಹಳೆಯ ಸಹಿಯ ಪಕ್ಕ ಹೊಸ ಸಹಿ ಇಟ್ಟು ಹೋಲಿಸುವುದು, ಮನೆ ಮಾರುವವರು, ಆಸ್ತಿ ಬರೆದುಕೊಡುವವರು, ಕೈ ನಡುಗುವ ಮುದುಕರು, ಬರ್ಮೂದೆಸ್ ಹೇಳುತ್ತಿದ್ದರು, ಹೆಸರನ್ನ ಯಾರು ಬೇಕಾದ್ರೂ ಬರೀತಾರಮ್ಮ, ಅದನ್ನ ನೋಡ್ಬೇಡ, ಹೆಸರಿನ ಕೆಳಗೆ ಒಂದು ಬಾಲ ಸುತ್ತುತಾರಲ್ಲ, ಅದನ್ನ ನೋಡು, ಬಾಲ ಹಾಕೋವಾಗ ಮನುಷ್ಯ ಯೋಚ್ನೆ ಮಾಡಲ್ಲ, ಅಲ್ಲೇ ಸಿಕ್ಕಾಕೋತಾನೆ. ನಿಜ, ಈ ದೇಶದಲ್ಲಿ ಸಹಿಗೆ ಬಾಲ ಇಲ್ಲದಿದ್ದರೆ ಅರ್ಧ ಸಹಿ, ಶಾಲೆ ಬಿಡುವ ಹೊತ್ತಿಗೆ ಮಕ್ಕಳೆಲ್ಲ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ತಮ್ಮ ತಮ್ಮ ಬಾಲ ಹುಡುಕಿಕೊಳ್ಳುತ್ತಾರೆ, ಕೆಲವರದು ಬಸವನಹುಳು, ಕೆಲವರದು ಮಿಂಚು, ಅವಳದೇ ಒಂದು ಗಂಟು — ಹಾಗಾದರೆ ಆ ಕೊಕ್ಕೆ ಗೀರಲ್ಲ, ಅದು ಅನ್ಸೆಲ್ಮೋ ತ್ರಿಂದಾದೆಯ ಬಾಲದ ತುದಿ, ಇದು ಹೊಳೆದದ್ದು ಇದೇ ಮಂಗಳವಾರ, ಉಕ್ಕಿದ ಹಾಲು ಒರೆಸುತ್ತ ಒಲೆಯ ಮುಂದೆ ನಿಂತಾಗ, ಹೇಳುವುದು ಪುರಾಣ ತಿನ್ನುವುದು ಬದನೆಕಾಯಿ, ಸಾವಿರಾರು ಸಹಿಗೆ ಕಾವಲು ಕೂತವಳು ಒಂದನ್ನು ತಾನೇ ಕೈಯಾರೆ ಅಳಿಸಿದಳು, ಅದೂ ಪುದೀನ ಟೂತ್‌ಪೇಸ್ಟು ಹಾಕಿ. ಐದು ದಿನದಿಂದ ಊಟ ಸೇರುತ್ತಿಲ್ಲ, ಆದರೂ ಈ ಹಾಳು ಮನಸ್ಸು ಕೇಳುತ್ತಲೇ ಇದೆ, ಟಿ ಅಡ್ಡಗೆರೆ ಅಷ್ಟು ಆಳ ಯಾಕಿತ್ತು, ಬಾಲ ಬಲದಿಂದ ಎಡಕ್ಕೆ ಬಂತೇ, ಪೆನ್ನು ಸುತ್ತಿ ಬಂತೇ, ಎಲ್ಲರ ಬಾಲವೂ ಹೆಸರಿನ ಕೆಳಗೇ ಮುಗಿದರೆ ಇವನದು ಯಾಕೆ ಅಷ್ಟು ದೂರ ಉಂಗುರದವರೆಗೆ ಹೋಯಿತು.

ಅದಕ್ಕೇನಂತೆ, ಹೆಸ್ರು ತಾನೆ, ಮತ್ತೆ ಕೆತ್ಸಿಬಿಡು ಎಂದ ಗ್ವಾಲ್ಬೆರ್ತೋ, ಮೀಸೆ ಒರೆಸಿಕೊಳ್ಳುತ್ತ, ನಾಲ್ಕಂಗಡಿ ಆಚೆ ಲಿಸಾರ್ದೋ ಇದಾನೆ, ಬುರುಡೆ ಬಾಯಿಗೆ ಹಾಕೋ ಬೆಳ್ಳಿ ಪಟ್ಟಿ ಮೇಲೆ ಮದುವೆ ಗಂಡು-ಹೆಣ್ಣಿನ ಹೆಸರು ಕೆತ್ತಲ್ವಾ, ಐದು ನಿಮಿಷದ ಕೆಲ್ಸ, ಆ ಹೆಂಗ್ಸಿಗೆ ಹೆಂಗೆ ಗೊತ್ತಾಗುತ್ತೆ, ಅವ್ಳೇನು ನೋಡಿದಾಳಾ, ಖುಷಿಯಾಗಿ ಅತ್ಕೊಂಡು ಊರಿಗೋಗ್ತಾಳೆ, ನಿಂಗೂ ನಿದ್ದೆ ಬರುತ್ತೆ. ಸುಮ್ನಿರು ಗ್ವಾಲ್ಬೆರ್ತೋ, ಅದು ಸುಳ್ಳು ಸಹಿ. ಅಯ್ಯೋ ಸಾಧ್ವಿ, ಸತ್ತೋನಿಗೆ ಸುಳ್ಳೇನು ನಿಜವೇನು. ಹೋಗುವುದಿಲ್ಲ ಎಂದುಕೊಂಡೇ ಎದ್ದಳು, ನೋಡಿಬರುತ್ತೇನೆ ಅಷ್ಟೆ ಎಂದುಕೊಂಡೇ ನಡೆದಳು, ಟೊಮೆಟೊ ರಾಶಿ ದಾಟಿ, ಪಂಜರದ ಹಳದಿ ಹಕ್ಕಿಗಳನ್ನು ದಾಟಿ, ಪ್ಲಾತನೋ ಮರದ ಹೂಧೂಳು ಮೂಗಿಗೆ ಹೊಕ್ಕು ಎರಡು ಸಲ ಸೀನಿದಳು, ಲಿಸಾರ್ದೋ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬೆಳ್ಳಿಯ ಮೇಲೆ ಬಗ್ಗಿದ್ದ, ಅವನ ಉಳಿಯ ತುದಿಯಿಂದ ಸಣ್ಣ ಹೊಳೆಯುವ ಸುರುಳಿ ಏಳುತ್ತಿತ್ತು, ಎಷ್ಟು ಸಲೀಸು, ಹೇಳಿ ದೋನ್ಯಾ ಎಂದ ತಲೆಯೆತ್ತದೆ, ಪೆನ್ನಿನ ಮೇಲೆ ಒಂದು ಹೆಸರು ಬೇಕಿತ್ತು ಎಂದಳು, ನಾಲಿಗೆಯೇ ಹೇಳಿಬಿಟ್ಟಿತು, ಕೊಡಿ, ಅಕ್ಷರ ಹೆಂಗಿರ್ಬೇಕು, ದುಂಡಗೋ ಓರೆಯೋ, ಬಾಲ ಎಂಥದು. ಕರವಸ್ತ್ರ ಬಿಚ್ಚಿದಳು, ಬಿಸಿಲಿತ್ತು, ನಿಜವಾದ ಬಿಸಿಲು, ಪೆನ್ನು ಅವಳ ಅಂಗೈಯಲ್ಲಿ, ಉಗುರು ತಾನಾಗಿ ಉಂಗುರದ ಪಕ್ಕ ಹೋಯಿತು, ಅಲ್ಲೇ ಸಿಕ್ಕಿಕೊಂಡಿತು — ಅಕ್ಷರ ಹೆಂಗಿರ್ಬೇಕು, ಅವಳಿಗೇ ಗೊತ್ತಿಲ್ಲವಲ್ಲ, ಹೇಗೆ ಕೆತ್ತಿಸಿದರೂ ಈ ಕೊಕ್ಕೆ ಒಂದೇ ನಿಜದ್ದು, ಉಳಿದದ್ದೆಲ್ಲ ಇದಕ್ಕೆ ಹೊಲಿದ ತೇಪೆ, ಆ ಮಗಳು ಊರಿಗೆ ಹೋಗಿ ಲಿಸಾರ್ದೋನ ಕೈಯನ್ನು ಅಪ್ಪನ ಕೈ ಎಂದು ಸಾಯುವವರೆಗೆ ನೋಡುತ್ತಿರುತ್ತಾಳೆ. ಬೇಡಪ್ಪ, ಇನ್ನೊಂದ್ಸಲ ಬರ್ತೀನಿ. ಅವನು ಭೂತಗನ್ನಡಿಯ ಕಣ್ಣಿನಿಂದಲೇ ಅವಳನ್ನು ನೋಡಿ, ಎಲ್ರೂ ಹಂಗೇ ಹೇಳ್ತಾರೆ ದೋನ್ಯಾ, ಎಂದು ಬೆಳ್ಳಿಗೆ ಬಗ್ಗಿದ.

ಹಿಂದಿರುಗುವಷ್ಟರಲ್ಲಿ ಟಾರ್ಪಾಲಿನ ಕೆಳಗೆ ಒಬ್ಬ ಹೆಂಗಸು ನಿಂತಿದ್ದಾಳೆ, ಕುಳ್ಳಗೆ, ಅಗಲ ಭುಜ, ಭಾನುವಾರಕ್ಕೆಂದು ಇಸ್ತ್ರಿ ಮಾಡಿದ ನೀಲಿ ಅಂಗಿ, ಕೈಯಲ್ಲಿ ಬಟ್ಟೆಚೀಲ, ಗ್ವಾಲ್ಬೆರ್ತೋ ಆಗಲೇ ತನ್ನ ಸ್ಟೂಲು ಕೊಟ್ಟು ಬುರುಡೆಗೂ ನೀರು ಬಗ್ಗಿಸಿದ್ದಾನೆ, ಬಂದ್ಲು ನೋಡಿ ನಮ್ಮ ಮಾಟಗಾತಿ ಎನ್ನುತ್ತಾನೆ. ಹೀಗಿರುತ್ತಾಳೆಂದು ಎಣಿಸಿರಲಿಲ್ಲ, ಹೇಗೆಂದು ಎಣಿಸಿದ್ದೆ ಮತ್ತೆ, ತೆಳ್ಳಗೆ, ಕೆಮ್ಮುವವಳು, ಎಂಥ ದಡ್ಡತನ, ಕೆಮ್ಮಿದ್ದು ಅಪ್ಪ — ಇರುಪೆ ಚೀಲದಿಂದ ಒಂದು ಡಬ್ಬಿ ತೆಗೆಯುತ್ತಾಳೆ, ಮೆಂಬ್ರಿಲ್ಯೋ ಹಣ್ಣಿನ ಹಲ್ವ ದೋನ್ಯಾ, ನಾನೇ ಮಾಡಿದ್ದು, ಬಸ್ಸಲ್ಲಿ ಸ್ವಲ್ಪ ಅಲ್ಲಾಡಿದೆ, ಆಮೇಲೆ ಒಂದು ತೆಳು ಕಾಗದ, ಮೊಂಡು ಪೆನ್ಸಿಲ್ಲು, ಇದನ್ನ ಪೆನ್ನಿನ ಮೇಲಿಟ್ಟು ಮೆತ್ತಗೆ ಉಜ್ಜಿಕೊಂಡು ಹೋಗ್ತೀನಿ, ಗೆರೆ ಕಾಗದಕ್ಕೆ ಬರುತ್ತೆ, ಶಾಲೇಲಿ ಮಕ್ಕಳಿಗೆ ನಾಣ್ಯ ಇಟ್ಟು ಮಾಡ್ಸಲ್ವಾ ಹಂಗೆ, ಪೆನ್ನಿಗೆ ಏನೂ ಆಗಲ್ಲ, ಭಯ ಪಡ್ಬೇಡಿ. ಭಯ ಪಡಬೇಡಿ ಎನ್ನುತ್ತಾಳೆ, ನನಗೆ. ಜುಲ್ಮಾ ಡಬ್ಬಿ ಹಿಡಿದುಕೊಂಡೇ ಅಂದಳು, ಇರುಪೆ, ಹೆಸರಿಲ್ಲ. ಏನು. ಹೆಸರಿಲ್ಲಮ್ಮ, ಇತ್ತು, ಅಳಿಸಿದ್ದು ನಾನೇ, ಆಗ ಹಂಗೇ ಮಾಡ್ತಿದ್ವಿ, ತಗೊಂಡ ತಿಂಗಳೇ ಉಜ್ಜಿ ತೆಗೆದೆ, ಫೋನಲ್ಲಿ ಹೇಳ್ಬೇಕಿತ್ತು, ಹೇಳೋಕೆ ಧೈರ್ಯ ಆಗ್ಲಿಲ್ಲ. ಎದುರಂಗಡಿಯವನು ಟೊಮೆಟೊ ಟೊಮೆಟೊ ಎಂದು ಕೂಗುತ್ತಲೇ ಇದ್ದ, ಕೂಗಿ ಮುಗಿಸಲಿ ದೇವರೇ, ಇವಳು ಏನಾದರೂ ಅನ್ನಲಿ, ಬೈಯಲಿ, ಹಲ್ವದ ಡಬ್ಬಿಯಲ್ಲೇ ಹೊಡೆಯಲಿ. ಇರುಪೆ ಮೆಲ್ಲಗೆ ಕೇಳಿದ್ದು ಒಂದೇ, ಎಷ್ಟು ಹೊತ್ತು ಹಿಡೀತು. ಒಂದು ಮಧ್ಯಾಹ್ನ. ಇಡೀ ಮಧ್ಯಾಹ್ನಾನಾ. ಹೂಂ, ಟಿ ಅಕ್ಷರದ ಅಡ್ಡಗೆರೆ ಹೋಗ್ತಾನೇ ಇರ್ಲಿಲ್ಲ. ಇರುಪೆಯ ಕಣ್ಣು ತುಂಬಿತು, ತುಂಬಿದ ಕಣ್ಣಲ್ಲೇ ಮುಂದೆ ಬಗ್ಗಿದಳು, ಅಷ್ಟು ಒತ್ತಿ ಬರೀತಿದ್ನಾ.

ಬಿಸಿಲಿಗೆ ಬಾ ಎಂದಳು ಜುಲ್ಮಾ, ನೀವು ಎನ್ನುವುದು ಯಾವಾಗ ಬಿಟ್ಟುಹೋಯಿತೋ, ಟಾರ್ಪಾಲಿನ ಅಂಚು ದಾಟಿ ಕಲ್ಲುಹಾಸಿನ ಮೇಲೆ ಇಬ್ಬರೂ ನಿಂತರು, ಕೊಡೆಯಷ್ಟಗಲ ಬಿಸಿಲು, ಪೆನ್ನನ್ನು ಅವಳ ಕೈಗೆ ಕೊಟ್ಟಳು, ಒಂದಿದೆ, ಒಂದು ಚೂರು, ಉಂಗುರದ ಹತ್ರ, ನಾನು ಉಜ್ಜಿದ ಬಟ್ಟೆ ಅಲ್ಲಿಗೆ ಹೋಗ್ಲಿಲ್ಲ. ಇರುಪೆ ಕಾಗದ ಸುತ್ತಿ ಪೆನ್ಸಿಲ್ಲು ಆಡಿಸಿದಳು, ಬೂದಿ ಬಣ್ಣ, ಇನ್ನೂ ಬೂದಿ ಬಣ್ಣ, ಎಲ್ಲಿಯೂ ಏನೂ ಇಲ್ಲ, ನಾನು ಎಷ್ಟು ಚೆನ್ನಾಗಿ ಉಜ್ಜಿದ್ದೆ, ಎಷ್ಟು ನಗುತ್ತ, ಆಮೇಲೆ ಅಂಚಿನಲ್ಲಿ ಬೂದಿಯ ನಡುವೆ ಒಂದು ಬಿಳಿ ಕೊಕ್ಕೆ ಎದ್ದಿತು, ಇಷ್ಟೇ ಇಷ್ಟು. ಇದು ಯಾವ ಅಕ್ಷರ ದೋನ್ಯಾ. ಅಕ್ಷರ ಅಲ್ಲಮ್ಮ, ಬಾಲದ ತುದಿ. ಮೇಲಿಂದ ಬಂತಾ, ಕೆಳಗಿಂದಾನಾ. ನೋಡು, ಮೊದಲ ಕಡೆ ದಪ್ಪ, ಬರ್ತಾ ಸಣ್ಣ ಆಗಿದೆ, ಕೆಳಗಿಂದ ಬಂದು ಇಲ್ಲಿ ತಿರುಗಿ ಮೇಲಕ್ಕೆ ಎತ್ತಿದಾನೆ, ಕೈ ಒದರಿಲ್ಲ, ಆತುರ ಇಲ್ಲ ಈ ಮನುಷ್ಯಂಗೆ, ಕೊನೇಲೂ ಪೆನ್ನು ಎತ್ತೋಕೆ ಮನಸ್ಸಿಲ್ಲ — ಮೂವತ್ನಾಲ್ಕು ವರ್ಷದಲ್ಲಿ ಅವಳು ಕೊಟ್ಟ ಸಾಕ್ಷಿಗಳಲ್ಲಿ ಇದೊಂದಕ್ಕೆ ಮುದ್ರೆ ಇಲ್ಲ. ಪೆನ್ನು ಇಟ್ಕೋ, ಎಂದಳು, ಇಪ್ಪತ್ತೆರಡು ವರ್ಷ, ಮೂರರಲ್ಲಿ ಅತಿ ಚೆಂದದ್ದು, ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಇರುಪೆಗೆ ಅದು ಕೇಳಿಸಿದಂತಿಲ್ಲ, ಬಲಗೈ ಬೆರಳಿನಿಂದ ಗಾಳಿಯಲ್ಲಿ ಕೆಳಗಿಂದ ಬರುತ್ತಾಳೆ, ತಿರುಗಿಸುತ್ತಾಳೆ, ಮೇಲಕ್ಕೆ ಎತ್ತುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ, ಮತ್ತೆ ಕೆಳಗಿಂದ. ಗುಂಡಿ ಪರ್ಸಿನಲ್ಲೇ ಉಳಿದಿದೆ, ಇಂಥ ಬಿಸಿಲು ಬಿದ್ದಿದೆ, ಪೆನ್ನಿನ ಬಣ್ಣ ಈಗ ಹೇಗೆ ಕಾಣುತ್ತಿದೆ, ನೋಡಬೇಕು, ನೋಡುತ್ತೇನೆ, ಆದರೆ ಕಣ್ಣು ಅಲ್ಲಿಂದ ಕದಲುತ್ತಿಲ್ಲ, ಬಟ್ಟೆ ಒಗೆದು ಒಗೆದು ಒರಟಾದ ಇರುಪೆಯ ಎಡಗೈ ಹೆಬ್ಬೆರಳು, ಅದರ ಉಗುರು ಕೊಳವೆಯ ಮೇಲೆ ನುಣ್ಣಗೆ ಜಾರುತ್ತ, ಹೆಸರಿದ್ದ ಜಾಗವನ್ನೆಲ್ಲ ದಾಟಿ, ಉಂಗುರದ ಹತ್ತಿರಕ್ಕೆ ಬಂದು, ಸಿಕ್ಕಿಕೊಂಡು, ನಿಂತಿದೆ, ಅಲ್ಲೇ, ಆ ಕೊಕ್ಕೆಯಲ್ಲಿ